ಕಣಜದಕ್ಕನ ದೀಪಗಳು

ಕಣಜದ ಹುಳು ಮರ ಅಗಿದು ಕಾಗದದಂಥ ಗೂಡು ಕಟ್ಟುತ್ತದಲ್ಲ, ಅದನ್ನು ನೋಡಿಯೇ ಅವಳು ಕೆಲಸ ಕಲಿತದ್ದು. ಹಳೇ ಹತ್ತಿಬಟ್ಟೆ, ಬಾಳೆನಾರು ನೆನೆಹಾಕಿ ರುಬ್ಬಿ, ಆ ಮುದ್ದೆಯನ್ನು ತಂತಿಯ ಚೌಕಟ್ಟಿನ ಮೇಲೆ ತೆಳ್ಳಗೆ ಹಚ್ಚಿ ಒಣಗಿಸುತ್ತಿದ್ದಳು. ಒಳಗೆ ಬಲ್ಬು ಉರಿದರೆ ಗೂಡು, ಮೊಗ್ಗು, ಒಡೆದ ಕಾಯಿಯ ಆಕಾರದ ಆ ದೀಪಗಳಿಗೆಲ್ಲ ಜೀವ ಬಂದಂತೆ. ಬೀದಿಯವರಿಗೆ ಅವಳು ಕಣಜದಕ್ಕ. ಮದುವೆಯ ಗೊಡವೆಗೇ ಹೋಗದೆ, ಈ ಕೆಲಸದಲ್ಲೇ ತಮ್ಮನನ್ನು ಸಾಕಿ, ಅವನಿಗೊಂದು ದೀಪದಂಗಡಿ ಹಾಕಿಕೊಟ್ಟಳು.

ಐವತ್ತು ದಾಟುತ್ತಲೇ ಕಣ್ಣು ಮಂಜಾಗಿ, ಆಮೇಲೆ ಪೂರ್ತಿ ಹೋಯಿತು. ಕೈ ಮಾತ್ರ ಸುಮ್ಮನಿರಲೊಲ್ಲದು. ತಮ್ಮ ಅವಳನ್ನು ಅಂಗಡಿಯ ಹಿಂದಿನ ಕೋಣೆಯಲ್ಲಿ ಕೂರಿಸಿ, ಬೆಳಿಗ್ಗೆ ಮುದ್ದೆಯ ತೊಟ್ಟಿ ತಂದಿಡುತ್ತಿದ್ದ. ಒಣಗಿದ ದೀಪಗಳನ್ನು ಎತ್ತಿಕೊಂಡು ಹೋಗುತ್ತಿದ್ದ. ಊಟದ ಹೊತ್ತಿಗೆ ಯಾವ ದೀಪ ಯಾರ ಮನೆ ಸೇರಿತೆಂದು ಹೇಳುತ್ತಿದ್ದ. ಒಮ್ಮೆ ಪಕ್ಕದ ದರ್ಜಿಯನ್ನೇ ಗಿರಾಕಿಯೆಂದು ಕರೆತಂದು ಹೊಗಳಿಸಿದ. ದರ್ಜಿ ದನಿ ದಪ್ಪ ಮಾಡಿಕೊಂಡು ಮಾತಾಡುವಾಗ ತಮ್ಮನ ಹೆಂಡತಿ ಬಾಯಿಗೆ ಸೆರಗು ಒತ್ತಿ ನಕ್ಕಳು. ಅವತ್ತು ಕಣಜದಕ್ಕ ಎರಡು ತುತ್ತು ಹೆಚ್ಚೇ ಉಂಡಳು.

ಒಂದು ದೀಪಕ್ಕೆ ಅವಳು ಜರಿಗಿಡದ ಎಲೆ ಒತ್ತಿದ್ದಳು. ಅದು ಡಾಕ್ಟರ ಮಗಳ ಕೋಣೆಯಲ್ಲಿ ತೂಗುತ್ತಿದೆ ಎಂದು ತಮ್ಮ ಹೇಳಿದ್ದ. ವಾರ ಕಳೆದು ತೊಟ್ಟಿಯಲ್ಲಿ ಕೈಯಾಡಿಸುವಾಗ ಅದೇ ಎಲೆಯ ಚೂರುಗಳು ಬೆರಳಿಗೆ ಅಂಟಿದವು. ತಮ್ಮನನ್ನು ಕರೆದಳು.

"ನನ್ನ ದೀಪಾನೇ ನೆನೆಹಾಕಿ ನನಗೆ ಕೊಡ್ತಿದೀಯಾ?"

ಬಾಗಿಲಲ್ಲಿದ್ದ ತಮ್ಮನ ಹೆಂಡತಿ ಹೇಳಿದಳು: "ಇನ್ನೇನ್ ಮಾಡೋದು ಅತ್ತಿಗೆ? ಎಲ್ಲಾ ಸೊಟ್ಟ ಸೊಟ್ಟ. ಯಾರೂ ತಿರುಗಿ ನೋಡಲ್ಲ. ಕೈಗೆ ಏನೂ ಕೊಡದಿದ್ರೆ ದಿನವಿಡೀ ನಮ್ಮನ್ನ ಕೂಗ್ತಿರ್ತೀರಿ."

"ಒಂದೂ ಹೋಗ್ಲಿಲ್ವೇನೋ?"

ಮೊದಲು ಒಂದು ಹೋಗಿತ್ತು, ಅದನ್ನೂ ವಾಪಸ್ ತಂದುಕೊಟ್ಟರು ಎಂದ ತಮ್ಮ.

ಅವಳು ತೊಟ್ಟಿಯನ್ನು ಆಚೆ ತಳ್ಳಿ ಗೋಡೆಗೊರಗಿದಳು. ಯಾರೂ ಸಮಾಧಾನ ಮಾಡಲಿಲ್ಲ. ತಟ್ಟೆ ಬರುತ್ತಿತ್ತು, ಹೋಗುತ್ತಿತ್ತು. ಅಂಗಡಿಯಲ್ಲಿ ಪ್ಲಾಸ್ಟಿಕ್ ದೀಪಗಳ ಪೆಟ್ಟಿಗೆ ಬಿಚ್ಚುವ ಸದ್ದು ಕೇಳಿಸುತ್ತಿತ್ತು. ಹೊತ್ತು ಹೋಗದೆ ಸೀರೆಯ ಅಂಚನ್ನೇ ಹಿಸುಕುತ್ತ ಕೂತಳು. ಕೊನೆಗೆ ತಾಳಲಾರದೆ ತಾನೇ ಕೇಳಿದಳು: ತೊಟ್ಟಿ ತಂದಿಡು.

ತಂದಿಟ್ಟ. ಇನ್ನು ಸುಳ್ಳು ಹೇಳುವ ಕಷ್ಟವೂ ಅವನಿಗಿರಲಿಲ್ಲ. ಒಣಗುವವರೆಗೂ ಕಾಯದೆ, ಅವಳ ಎದುರಿಗೇ ಹಸೀ ದೀಪಗಳ ಮುದ್ದೆಯನ್ನು ತಂತಿಯಿಂದ ಕಿತ್ತು ತೊಟ್ಟಿಗೆ ಹಾಕತೊಡಗಿದ.