ಕಳ್ಳಿ ಕಡಿಸಿದ ನಮ್ಮತ್ತೆ

ನಮ್ಮತ್ತೆ ನಿಂಗವ್ವನ ಅಂಗೈ ನೋಡಿದವರು ಬೆಚ್ಚುತ್ತಿದ್ದರು. ಮುಳ್ಳು ಮುರಿದು ಒಳಗೇ ಉಳಿದ ಕಡೆಯಲ್ಲೆಲ್ಲ ಕಪ್ಪು ಚುಕ್ಕೆ, ಚುಕ್ಕೆಯ ಸುತ್ತ ಜಡ್ಡುಗಟ್ಟಿದ ಚರ್ಮ. ಹಿಟ್ಟು ನಾದಿದರೆ ಹಿಟ್ಟಿನಲ್ಲಿ, ಎಮ್ಮೆಯ ಮೈ ಸವರಿದರೆ ಎಮ್ಮೆಯ ಮೈಯಲ್ಲಿ ಒಂದಾದರೂ ಮುಳ್ಳಿನ ಚೂರು ಉಳಿಯುತ್ತಿತ್ತು. ಆಕೆ ಬಡಿದ ರೊಟ್ಟಿಯನ್ನು ನಾನು ಬೆಳಕಿಗೆ ಹಿಡಿದು ನೋಡಿಯೇ ತಿನ್ನುತ್ತಿದ್ದೆ. ಅದನ್ನು ಕಂಡರೆ ಆಕೆಗೆ ಎಲ್ಲಿಲ್ಲದ ಸಿಟ್ಟು. "ಏನ ಹುಡುಕತೀ ಅದರಾಗ? ಬಂಗಾರ ಸಿಗತೈತೇನು? ಬಾಯಿ ಮುಚಗೊಂಡು ತಿನ್ನು" ಎನ್ನುತ್ತಿದ್ದಳು. ಬಾಯಿ ಮುಚ್ಚಿಕೊಂಡು ತಿನ್ನುವುದು ಹೇಗೆ ಎಂದು ಕೇಳುವ ಧೈರ್ಯ ನನಗಿರಲಿಲ್ಲ. ಸಂಜೆ ಕಟ್ಟೆಯ ಮೇಲೆ ಕುಳಿತು, ಅಂಗೈಗೆ ಎಣ್ಣೆ ಸವರಿ, ಹಲ್ಲಿನಿಂದಲೇ ಮುಳ್ಳು ಕಿತ್ತು ಅಂಗಳಕ್ಕೆ ಉಗಿಯುವುದು ಆಕೆಯ ದಿನದ ಕೊನೆಯ ಕೆಲಸವಾಗಿತ್ತು.

ನಮ್ಮೂರು ಸಿರಸಂಗಿಯ ಆಚೆಗೆ. ಊರ ಮಗ್ಗುಲಲ್ಲಿ ಹುಟ್ಟುವ ಹಳ್ಳ ಇನ್ನೆರಡು ಊರುಗಳನ್ನು ಹಾದು ಮನೋಳಿಯ ಮೇಲುಭಾಗದಲ್ಲಿ ಮಲಪ್ರಭೆಗೆ ಸೇರುತ್ತದೆ. ಆ ಊರುಗಳನ್ನು ನಾವು ನಡುವಿನೂರು, ಕೆಳಗಿನೂರು ಎಂದೇ ಕರೆಯುತ್ತಿದ್ದೆವು. ಇಪ್ಪತ್ತನೆಯ ಶತಮಾನದ ಮೊದಲ ವರ್ಷಗಳಲ್ಲಿ ನಾನು ಮದುವೆಯಾಗಿ ಬಂದಾಗ ಹಳ್ಳದ ಎರಡೂ ದಂಡೆಯನ್ನು ಡಬಗಳ್ಳಿ ಹಿಡಿದಿತ್ತು. ಪಾಪಾಸುಕಳ್ಳಿ ಎನ್ನುತ್ತಾರಲ್ಲ, ಅಂಗೈಯಗಲದ ಮುಳ್ಳಿನ ಹಾಳೆಗಳು ಒಂದರ ತಲೆಯ ಮೇಲೊಂದು ಬೆಳೆಯುವ ಗಿಡ, ಅದೇ. ಯಾರೋ ಎಂದೋ ಬೇಲಿಗೆಂದು ತಂದು ನೆಟ್ಟದ್ದು. ಬರಗಾಲದಲ್ಲಿ ಅದರ ಮುಳ್ಳು ಸುಟ್ಟು ದನಗಳಿಗೆ ಹಾಕಿದ್ದರಂತೆ. ಹಾಗಾಗಿ ಊರಿನ ಹಳೆಯ ತಲೆಗಳಿಗೆ ಅದರ ಮೇಲೆ ಋಣದ ಮಾತೂ ಇತ್ತು. ಬೇಲಿಯಾಗಿ ಬಂದದ್ದು ಬರಬರುತ್ತ ಹೊಲದೊಳಗೆ ಕಾಲಿಟ್ಟಿತು, ಗಾಡಿಯ ದಾರಿ ನುಂಗಿತು, ಹಾವಿಗೂ ಇಲಿಗೂ ಮನೆಯಾಯಿತು.

ಆಮೇಲೆ ಪ್ಲೇಗು ಬಂತು. ಊರು ಬಿಟ್ಟು ಹೊಲಗಳಲ್ಲಿ ಗುಡಿಸಲು ಹಾಕಿಕೊಂಡೆವು. ಅಲ್ಲಿಗೂ ಅದು ಬಂತು. ಕಂಕುಳಲ್ಲಿ ಗಡ್ಡೆ ಎದ್ದವರು ನೋಡನೋಡುತ್ತ ಹೋಗುತ್ತಿದ್ದರು. ನನ್ನ ಮನೆಯವರೂ ಹಾಗೆಯೇ ಹೋದರು. ಅವರು ನಿಂಗವ್ವನಿಗೆ ಒಬ್ಬನೇ ಮಗ. ನಮ್ಮಲ್ಲಿ ಹೂಳುವುದು ಪದ್ಧತಿ. ಹೂತ ಮೇಲೆ ನರಿಗಳು ಕೆದರಬಾರದೆಂದು ಕುಣಿಯ ಮೇಲೆ ಜಾಲಿಯ ಮುಳ್ಳು ಹೇರುತ್ತಾರೆ. ಆ ವರ್ಷ ಕುಣಿ ತೋಡುವವರೇ ಸಿಗುತ್ತಿರಲಿಲ್ಲ, ಜಾಲಿ ಕಡಿದು ತರುವವರು ಎಲ್ಲಿಂದ ಬರಬೇಕು? ಸುಡುಗಾಡು ಹಳ್ಳದ ದಂಡೆಯಲ್ಲೇ ಇತ್ತು, ಕಳ್ಳಿ ಕೈಗೆ ಎಟುಕುವಂತಿತ್ತು. ಎಲ್ಲರೂ ಅದನ್ನೇ ಕಡಿದು ಹೇರಿದರು. ಮಗನ ಕುಣಿಯ ಮೇಲೆ ನಿಂಗವ್ವ ತನ್ನ ಕೈಯಿಂದಲೇ ಕಳ್ಳಿ ಒಟ್ಟಿದಳು. ಜಾಲಿಯಾದರೆ ಒಣಗಿ ಮಣ್ಣಾಗುತ್ತದೆ, ಕಳ್ಳಿ ಬಿದ್ದಲ್ಲೇ ಬೇರು ಬಿಡುತ್ತದೆ. ಅದನ್ನು ಯೋಚಿಸುವ ಸ್ಥಿತಿಯಲ್ಲಿ ಆಗ ಯಾರೂ ಇರಲಿಲ್ಲ.

ಊರಿಗೆ ಮರಳಿದ ಮೇಲೆ ಮನೆಯಲ್ಲಿ ನಾವಿಬ್ಬರೇ ಹೆಂಗಸರು. ನಿಂಗವ್ವನ ಗಂಡ ಮೊದಲೇ ತೀರಿಕೊಂಡಿದ್ದ. ಆಕೆ ಹೊಲವನ್ನು ಮುಯ್ಯಿಯ ಮೇಲೆ ನಡೆಸುತ್ತಿದ್ದಳು. ಮುಯ್ಯಿ ಎಂದರೆ ಇಂದು ನೀನು ನನ್ನ ಹೊಲಕ್ಕೆ, ನಾಳೆ ನಾನು ನಿನ್ನ ಹೊಲಕ್ಕೆ. ಕೂಲಿಯಿಲ್ಲ, ದುಡಿಮೆಗೆ ದುಡಿಮೆ. ಯಾರ ಮನೆಯ ಮುಯ್ಯಿ ಬಾಕಿ ಉಳಿದಿದೆ ಎಂಬುದು ಆಕೆಯ ನಾಲಗೆಯ ತುದಿಯಲ್ಲಿರುತ್ತಿತ್ತು. ಊರಿನ ಚಾವಡಿಯಲ್ಲಿ ಹಿರಿಯರು ಕೂಡಿದಾಗ ಹೆಂಗಸರು ಮಾತಾಡುವ ರೂಢಿಯಿರಲಿಲ್ಲ. ನಿಂಗವ್ವ ಹೋಗಿ ಅಂಚಿನಲ್ಲಿ ನಿಂತು, ಸೆರಗು ಎಳೆದುಕೊಂಡು, ಕಂಬದ ಕಡೆ ಮುಖ ಮಾಡಿ ಕಂಬಕ್ಕೇ ಹೇಳುತ್ತಿದ್ದಳು. ಕೇಳಬೇಕಾದವರಿಗೆ ಚೆನ್ನಾಗಿಯೇ ಕೇಳಿಸುತ್ತಿತ್ತು.

ಆ ಹೊತ್ತಿಗೆ ಕಳ್ಳಿ ಕಡಿಯಬೇಕೆಂದು ಸರಕಾರದವರು ಡಂಗುರ ಸಾರಿಸಿದ್ದರು. ನಮ್ಮವರು ಹುರುಪಿನಿಂದ ಕಡಿದರು. ಕಡಿದದ್ದನ್ನು ಎಲ್ಲಿ ಹಾಕುವುದು? ಉರುಳಿಸಿ ಹಳ್ಳಕ್ಕೆ ಹಾಕಿದರು. ಮೊದಲ ಮಳೆಗೆ ಹಳ್ಳ ತುಂಬಿ ಬಂದು ಎಲ್ಲವನ್ನೂ ಎಳೆದುಕೊಂಡು ಹೋಯಿತು. ಪೀಡೆ ತೊಲಗಿತೆಂದು ಕೈ ತೊಳೆದುಕೊಂಡೆವು. ಅದರ ಮರುವರ್ಷ ಕೆಳಗಿನೂರಿನ ರುದ್ರಗೌಡರು ಒಂದು ಗಾಡಿ ಕಳ್ಳಿ ಹೇರಿಕೊಂಡು ಬಂದು ನಮ್ಮ ಚಾವಡಿಯ ಮುಂದೆ ಸುರಿದರು.

"ನಿಮ್ಮ ಮಾಲು ದಾರಿ ತಪ್ಪಿ ನಮ್ಮೂರಿಗೆ ಬಂದಿತ್ತು. ವಾಪಸ್ ತಂದೇನಿ, ಇಳಿಸಿಗೊಳ್ರಿ" ಎಂದರು.

"ನಾವೇನ ಹೊತ್ತು ತಂದು ಕೊಟ್ಟೇವೇನ್ರಿ? ಹಳ್ಳ ತಂದೈತಿ. ಹಳ್ಳಕ್ಕ ಕೇಳ್ರಿ" ಎಂದು ನಮ್ಮ ಹಿರಿಯರೊಬ್ಬರು ನಕ್ಕರು. ಒಂದಿಬ್ಬರು ಅವರ ಜೊತೆ ನಕ್ಕರು.

ರುದ್ರಗೌಡರು ನಗಲಿಲ್ಲ. "ನಮ್ಮ ಹೆಣ್ಣಮಕ್ಕಳು ನೀರು ತರೂ ವರತಿ ಸುತ್ತ ಕಳ್ಳಿ ಎದ್ದೈತಿ. ಮೊನ್ನೆ ನನ್ನ ತಮ್ಮನ ಹೇಣ್ತಿ ಕೊಡಾ ತಗೊಂಡು ಹೋದಾಕಿ ಹಾವು ಕಡದು ಅಲ್ಲೇ ಸತ್ಲು. ಆಕಿ ಕೂಸಿಗೆ ಇನ್ನಾ ಹಲ್ಲು ಬಂದಿಲ್ಲ. ನಗ್ರಿ, ನಗ್ರಿ."

ನಿಂಗವ್ವ ಕಂಬದ ಕಡೆ ತಿರುಗಿದಳು. "ಹಳ್ಳಕ್ಕ ಕೇಳಬೇಕಂತ. ಹಳ್ಳಕ್ಕ ಬಾಯಿ ಇದ್ದಿದ್ರ ಇವರ ಮಾರಿ ಮ್ಯಾಲ ಉಗಳತಿತ್ತು. ಗೌಡ್ರಿಗೆ ಹೇಳ್ರಿ, ನಾಳಿಗೆ ನಮ್ಮ ಮನಿಯಿಂದ ಇಬ್ರು ಬಂದು ವರತಿ ಬಿಡಿಸಿಕೊಡತೇವಿ. ಆ ಮುಯ್ಯಿ ಅವರು ಇಲ್ಲಿಗೆ ಬಂದು ತೀರಸಲಿ. ಮ್ಯಾಲಿಂದ ಕಡಕೋತ ಹ್ವಾದ್ರ ಅಷ್ಟ ಕೆಳಗಿನವ್ರಿಗೆ ಉಳಿಗಾಲ ಐತಿ."

ಆ ಇಬ್ಬರಲ್ಲಿ ನಾನೊಬ್ಬಳು. ನನ್ನನ್ನು ಕೇಳುವ ಗೋಜಿಗೆ ಆಕೆ ಹೋಗಿರಲಿಲ್ಲ.

ಊರೊಳಗೆ ಎಲ್ಲರಿಗೂ ಗೊತ್ತಿದ್ದ ಮುಯ್ಯಿ ಹೀಗೆ ಮೂರು ಊರುಗಳ ನಡುವೆ ಹಬ್ಬಿತು. ಮನೆಗೊಂದು ಆಳು. ಗಂಡಸರ ಕೈಯಲ್ಲಿ ಕೊಡಲಿ, ಹೆಂಗಸರ ಕೈಯಲ್ಲಿ ಕವೆಗೋಲು. ಬೇಸಿಗೆಯಲ್ಲಿ ಮೇಲಿನಿಂದ ಶುರುಮಾಡಿ ಕಡಿಯುತ್ತ ಇಳಿಯಬೇಕು. ಕಡಿದದ್ದನ್ನು ಹಳ್ಳದಿಂದ ದೂರ ತೆಗ್ಗಿಗೆ ಹಾಕಿ, ಒಣಗಿಸಿ, ಮಳೆ ಬೀಳುವ ಮೊದಲು ಸುಡಬೇಕು. ಒಂದು ಹೋಳೂ ನೀರಿಗೆ ಬೀಳಕೂಡದು. ಬಿದ್ದರೆ ನಿಂಗವ್ವ ಮಂಡಿಯುದ್ದ ನೀರಿಗಿಳಿದು ಅದನ್ನು ಹಿಡಿದು ತಂದು, ಬೀಳಿಸಿದವನ ಮುಂದಿಟ್ಟು, ಅವನ ವಂಶವನ್ನೆಲ್ಲ ತೊಳೆದು ಒಣಹಾಕುತ್ತಿದ್ದಳು. ಗಂಡಸರು ಆಕೆಗೆ ಕಳ್ಳಿಗಿಂತ ಹೆಚ್ಚು ಹೆದರುತ್ತಿದ್ದರು. ನಾನೂ ಹೆದರುತ್ತಿದ್ದೆ, ಅದರಲ್ಲಿ ಮುಚ್ಚುಮರೆ ಏನು? ನೇಸರಗಿ ಕಡೆಯಿಂದಲೂ ಜನ ಬಂದು, ಇದನ್ನು ಹೇಗೆ ನಡೆಸುತ್ತೀರಿ ಎಂದು ಕೇಳಿಕೊಂಡು ಹೋದರು.

ಇಷ್ಟು ಮಾಡಿದರೂ ಕೆಳಗಿನೂರಿನ ವರತಿಯ ಬಳಿ ಮತ್ತೆ ಎಳೆಯ ಕಳ್ಳಿ ಕಾಣಿಸಿಕೊಂಡಿತು. ರುದ್ರಗೌಡರು ದಂಡೆ ಹಿಡಿದು ಹುಡುಕುತ್ತ ಮೇಲಕ್ಕೆ ಬಂದರು. ನಿಂಗವ್ವನೂ ಜೊತೆಗೆ ನಡೆದಳು. ನಮ್ಮ ಸುಡುಗಾಡಿನ ಹತ್ತಿರ ಬಂದಾಗ ಇಬ್ಬರೂ ನಿಂತರು. ಪ್ಲೇಗಿನ ವರ್ಷದ ಕುಣಿಗಳ ಮೇಲೆ ಕಳ್ಳಿ ಆಳೆತ್ತರ ಬೆಳೆದು, ಒಂದಕ್ಕೊಂದು ಹೆಣೆದು, ದಂಡೆ ಕುಸಿದಲ್ಲೆಲ್ಲ ಹಳ್ಳಕ್ಕೆ ಬಾಗಿತ್ತು. ಅಲ್ಲಿಗೆ ಯಾರೂ ಕೊಡಲಿ ಒಯ್ದಿರಲಿಲ್ಲ. ರುದ್ರಗೌಡರು ಚಾವಡಿಗೆ ಬಂದು ಹೇಳಿದರು: "ತಪ್ಪು ತಿಳಿಬ್ಯಾಡ್ರಿ. ಅದನ್ನ ಕಡೀಲಿಲ್ಲಂದ್ರ ನಾವು ವರ್ಷಾ ಕಡದದ್ದೆಲ್ಲಾ ನೀರಾಗ ಹೋಮ. ನಮ್ಮ ಮಂದಿ ಇನ್ನ ಬರೂದಿಲ್ಲ ಅಂತಾರ."

ನಮ್ಮವರು ಎದ್ದು ನಿಂತರು. "ಸತ್ತವರ ಎದಿ ಮ್ಯಾಲ ಕೊಡ್ಲಿ ಹಾಕಂತೀರೇನು?" ಎಂದು ಕೂಗಿದರು. ಊರಿನಲ್ಲಿ ಅಲ್ಲಿಗೆ ಯಾರನ್ನೂ ಕೊಡದ ಮನೆಯಿರಲಿಲ್ಲ. ಅವಸರದಲ್ಲಿ ಹೂತವರು, ಗುರುತಿನ ಕಲ್ಲಿಲ್ಲ, ಬಳಗದಲ್ಲಿ ತೋರಿಸುವವರೂ ಹಲವು ಕಡೆ ಉಳಿದಿಲ್ಲ. ಇದು ನಮ್ಮವರ ಪೊದೆ ಎಂದು ಕಳ್ಳಿಯನ್ನೇ ನೋಡಿ ಅಂದಾಜು ಮಾಡುತ್ತಿದ್ದರು. ಅವತ್ತು ಮಾತ್ರ ನಿಂಗವ್ವ ಕಂಬಕ್ಕೂ ಏನೂ ಹೇಳದೆ ಮನೆಗೆ ಬಂದಳು.

ಮರುದಿನ ಮುಂಜಾನೆ ರೊಟ್ಟಿ ಬಡಿಯುತ್ತ ಕೂತವಳು, "ಕಡಿಯೂದ" ಎಂದಳು.

"ಅತ್ತಿ, ಕಡದ್ರ ಗುರ್ತು ಹೋಗತೈತ್ರಿ. ಎಲ್ಲಿ ಅದಾರ ಅಂತ ಆಮ್ಯಾಲ ಗೊತ್ತಾಗೂದಿಲ್ಲ."

"ನನಗ ಗೊತ್ತಿಲ್ಲೇನ ಅದು? ಆ ಕಳ್ಳಿ ಇಟ್ಟಾಕಿ ನಾನು. ನನ್ನ ಮಗನ್ನ ಕಾಯಲಿ ಅಂತ ಇಟ್ಟೆ. ಅದು ಹೋಗಿ ಅಲ್ಲೆ ಒಂದು ಕೂಸಿನ ತಾಯಿನ ತಿಂದು ಬಂತು." ಹಂಚಿನ ಮೇಲಿನ ರೊಟ್ಟಿ ಸೀದು ಹೊಗೆಯಾಡುತ್ತಿತ್ತು. ಆಕೆ ಅದನ್ನು ತಿರುವಲಿಲ್ಲ.

ಆಕೆ ಮನೆಮನೆಗೆ ಹೋಗಿ ಜನರನ್ನು ಒಪ್ಪಿಸಿದಳು. ಹೇಗೆ ಒಪ್ಪಿಸಿದಳೋ ನನಗೆ ತಿಳಿಯದು. ಕೆಲವರು ಬಾಗಿಲು ಹಾಕಿಕೊಂಡರು, ಒಬ್ಬಾಕೆ ಮೊರದಿಂದ ಹೊಡೆದಳೆಂದೂ ಕೇಳಿದೆ. ಗೊತ್ತುಮಾಡಿದ ದಿನ ಮೂರೂ ಊರಿನವರು ಸುಡುಗಾಡಿನಲ್ಲಿ ಕೂಡಿದರು. ನಾನು ಹಿತ್ತಲಿನಿಂದ ಒಂದು ಬಿಳಿಯ ಕಲ್ಲನ್ನು ಸೆರಗಿನಲ್ಲಿ ಮುಚ್ಚಿಕೊಂಡು ಹೋಗಿದ್ದೆ. ಪೊದೆ ಹೋದರೂ ಆ ಜಾಗದಲ್ಲಿ ಅದನ್ನು ನೆಡಬೇಕೆಂದು ನನ್ನ ಆಸೆ. ನಿಂಗವ್ವ ಕಂಡುಬಿಟ್ಟಳು.

"ಕೆಳಗ ಹಾಕು ಅದನ್ನ."

"ಒಂದು ಕಲ್ಲು ಅತ್ತಿ. ಯಾರಿಗೆ ಕಾಣತೈತ್ರಿ?"

"ಎಲ್ಲಾರಿಗೂ ಕಾಣತೈತಿ. ನನ್ನ ಮಗನ ಗುರ್ತು ಇಟಗೊಂಡು ನಿಮ್ಮ ಮಕ್ಕಳ ಗುರ್ತು ಅಳಸ್ರಿ ಅಂದ್ರ ಯಾರು ಕೊಡ್ಲಿ ಎತ್ತತಾರ? ಹಾಕು."

ಹಾಕಿದೆ. ಆಕೆ ಕೊಡಲಿ ತೆಗೆದುಕೊಂಡು ನೇರ ಮಗನ ಪೊದೆಗೇ ಹೋಗಿ ಮೊದಲ ಏಟು ಹಾಕಿದಳು. ಆಮೇಲೆ ಉಳಿದವರು ಎತ್ತಿದರು. ಬೇರು ಎಳೆದಾಗ ಕುಣಿಯ ಮಣ್ಣು ಹೆಂಟೆಹೆಂಟೆಯಾಗಿ ಮೇಲೆ ಬಂತು. ಕೆಲವು ಕಡೆ ಮಣ್ಣಿನ ಜೊತೆ ಬರಬಾರದ್ದೂ ಬಂತು. ಕೆಳಗಿನೂರಿನವರು ಕೊಡಲಿ ಬಿಟ್ಟು ಮೊಣಕಾಲೂರಿ, ಬರಿಗೈಯಿಂದಲೇ ಅದನ್ನು ಮುಚ್ಚುತ್ತಿದ್ದರು. ಸಂಜೆಯ ಹೊತ್ತಿಗೆ ಅಲ್ಲಿ ಉಳಿದದ್ದು ಕೆದರಿದ ಬಯಲು ಮಾತ್ರ. ಎಲ್ಲಿ ಯಾರು ಎಂದು ಹೇಳುವಂತಿರಲಿಲ್ಲ. ನಾನು ನಿಂಗವ್ವನನ್ನು ಅವತ್ತು ಮನಸಾರೆ ದ್ವೇಷಿಸಿದೆ. ಬಹಳ ದಿನ ಆಕೆಯ ಜೊತೆ ಮಾತು ಬಿಟ್ಟಿದ್ದೆ.

ಮುಂದಿನ ಬೇಸಿಗೆಯಲ್ಲಿ ವರತಿಯ ಬಳಿ ಕಳ್ಳಿ ಇರಲಿಲ್ಲ. ಮೂರೂರಿನ ಮುಯ್ಯಿ ಮುರಿದುಬೀಳಲಿಲ್ಲ. ಅಮಾವಾಸ್ಯೆಗೆ ಎಡೆ ಒಯ್ಯುವುದನ್ನು ನಿಂಗವ್ವ ಬಿಡಲಿಲ್ಲ. ಮೊದಲೆಲ್ಲ ಪೊದೆಯ ಬುಡಕ್ಕೆ ಇಟ್ಟು ಬರುತ್ತಿದ್ದಳು. ಈಗ ತಾಟು ಹಿಡಿದು ಬಯಲಿನಲ್ಲಿ ಅತ್ತ ನಾಲ್ಕು ಹೆಜ್ಜೆ, ಇತ್ತ ನಾಲ್ಕು ಹೆಜ್ಜೆ ಹಾಕುತ್ತಿದ್ದಳು. ಒಂದು ಸಲ ನಾನು ಹಿಂದೆ ಹೋಗಿ ನೋಡಿದೆ. ಹೋಳಿಗೆಯನ್ನು ಚೂರುಚೂರು ಮಾಡಿ ಬಯಲಿನ ಉದ್ದಗಲಕ್ಕೂ ಇಡುತ್ತ ಹೋಗುತ್ತಿದ್ದಳು, ಎಲ್ಲಿದ್ದರೂ ಅವನಿಗೊಂದು ತುತ್ತು ಸಿಗಲಿ ಎಂಬಂತೆ. ನಾನು ಹತ್ತಿರ ಹೋಗಿ ತಾಟು ಹಿಡಿದುಕೊಂಡೆ. ನನ್ನ ಸಿಟ್ಟು ಅಲ್ಲಿಗೆ ಮುಗಿಯಿತು.

ಕೆಲವು ವರ್ಷಗಳ ಮೇಲೆ ಆಕೆಗೆ ಉಬ್ಬಸ ಹಿಡಿಯಿತು. ಕೊನೆಯ ದಿನ ನನ್ನನ್ನು ಹತ್ತಿರ ಕರೆದು, ಉಸಿರು ಕೂಡಿಸಿಕೊಂಡು ಹೇಳಿದಳು: "ನನ್ನ ಮಣ್ಣಾಗ ಇಡಾಕ ಕೆಳಗಿನವ್ರು ಬರತಾರ. ಮಗ ಎಲ್ಲಿ ಅದಾನಂತ ನಿನ್ನ ಕೇಳತಾರ. ಎಲ್ಲೆರ ಒಂದು ಕಡೆ ತೋರಿಸು. ತಡಾ ಮಾಡಬ್ಯಾಡ. ನೀ ಹುಡುಕಾಕ ನಿಂತ್ರ ಅವರಿಗೆ ನೋವಾಗತೈತಿ. ಕಡಸಿದವ್ರು ಅವರಲ್ಲ, ನಾನು."

ಬಂದರು. ಗುದ್ದಲಿ ಹಿಡಿದು, "ಮುಯ್ಯಿ ಐತಿ" ಎಂದಷ್ಟೇ ಹೇಳಿ ಕೆಳಗಿನೂರಿನವರು ಬಂದರು. ರುದ್ರಗೌಡರ ನಡು ಆಗಲೇ ಬಾಗಿತ್ತು. ಸುಡುಗಾಡಿನಲ್ಲಿ ನನ್ನ ಕಡೆ ತಿರುಗಿ, "ತಂಗಿ, ಮಗನ ಮಗ್ಗಲಕ ಇಡೂಣು. ಎಲ್ಲಿ ಅದಾನ ತೋರಸವಾ" ಎಂದರು. ಅವರ ಕಣ್ಣು ನನ್ನ ಮುಖವನ್ನೇ ಹಿಡಿದಿತ್ತು. ನನ್ನೆದುರು ಮೊಣಕಾಲುದ್ದ ಹುಲ್ಲು ಬೆಳೆದ ಬಯಲು.

ನಾನು ನೆಟ್ಟಗೆ ನಡೆದು ಹೋಗಿ ಒಂದು ಕಡೆ ನಿಂತೆ. "ಇಲ್ಲೇ ಅದಾರ್ರಿ" ಎಂದೆ.

"ಖರೇನವಾ?"

"ಖರೇರಿ. ನಮಗ ಯಾವಾಗಲೂ ಗೊತ್ತಿತ್ತು."

ರುದ್ರಗೌಡರು ದೊಡ್ಡದೊಂದು ಉಸಿರು ಬಿಟ್ಟು ಗುದ್ದಲಿ ಎತ್ತಿದರು.