ಮೊದಲ ತಾಟಿನ ನಾಲಿಗೆ

ಸಿಗರೇಟು ಬಿಡುವುದು ಹೇಗೆ ಅಂತ ಧಾರವಾಡದಲ್ಲಿ ಯಾರನ್ನು ಕೇಳಿದರೂ ಹೇಳುತ್ತಾರೆ. ಸೇದುವವರು ಇನ್ನೂ ಚೆನ್ನಾಗಿ ಹೇಳುತ್ತಾರೆ. ಬಡೇಸೋಪು ಅಗಿಯಿರಿ, ಬಾಯಲ್ಲಿ ಲವಂಗ ಇಟ್ಟುಕೊಳ್ಳಿ, ಮನಸ್ಸು ಗಟ್ಟಿ ಮಾಡಿ, ಮುಗಿಯಿತು. ಈ ‘ಮನಸ್ಸು ಗಟ್ಟಿ ಮಾಡಿ’ ಅನ್ನುವವರನ್ನು ಕಂಡರೆ ಕೈಯಲ್ಲಿರುವ ಕತ್ತರಿ ಎಸೆಯಬೇಕು ಅನ್ನಿಸುತ್ತದೆ ನನಗೆ. ನಾನೇನು ಸೇದುವವರ ಪರ ವಕಾಲತ್ತು ವಹಿಸುವವಳಲ್ಲ. ನಮ್ಮ ಅಬ್ಬಾ ಬೀಡಿ ಸೇದಿ ಕೆಮ್ಮುತ್ತ ಕೆಮ್ಮುತ್ತಲೇ ಹೋದರು. ಆ ವಾಸನೆ ಮೂಗಿಗೆ ಬಂದರೆ ಈಗಲೂ ಮೈಯೆಲ್ಲ ಉರಿಯುತ್ತದೆ. ಆದರೆ ಒಬ್ಬ ಮನುಷ್ಯ ಅದನ್ನು ಬಿಡುವುದನ್ನು ನಾನು ಗೋಡೆಯ ಈಚೆ ಕೂತು ನೋಡಿದ್ದೇನೆ. ಅದು ಬಾಯಿಮಾತಿನ ಕೆಲಸವಲ್ಲ.

ಕೋಚಿಂಗ್ ಸೆಂಟರುಗಳ ಬೀದಿಯಲ್ಲಿ ನನ್ನದೊಂದು ಟೇಲರಿಂಗ್ ಅಂಗಡಿ ಇದೆ. ಬ್ಲೌಸು, ಚೂಡಿದಾರ, ಫಾಲ್ ಹಚ್ಚುವುದು. ಪಕ್ಕದಲ್ಲೇ ಕುಬೇರಪ್ಪಣ್ಣನ ಖಾನಾವಳಿ. ಶಿರಗುಪ್ಪಿಯ ಹೊಲವನ್ನು ತಮ್ಮನ ಕೈಗೆ ಬಿಟ್ಟು, ಹೊಸದಾಗಿ ಮದುವೆಯಾದ ಈರವ್ವಕ್ಕನನ್ನು ಕರೆದುಕೊಂಡು ಬಂದು ಹಾಕಿದ ಖಾನಾವಳಿ ಅದು. ಪರೀಕ್ಷೆಗೆ ಓದಲು ಬಂದ ಹುಡುಗರೆಲ್ಲ ಅಲ್ಲೇ ಊಟ. ಬಿಸಿ ರೊಟ್ಟಿ, ಎಣ್ಣಗಾಯಿ, ಝುಣಕಾ, ಶೇಂಗಾ ಚಟ್ನಿ, ಬೇಳೆ ಸಾರು. ‘ಖಡಕ್ ಊಟ’ ಅಂದರೆ ಕುಬೇರಪ್ಪನ ಖಾನಾವಳಿ ಅಂತ ಹೆಸರು. ಮಜ್ಜಿಗೆ ಎಷ್ಟು ಕೇಳಿದರೂ ಹಾಕುತ್ತಿದ್ದರು. ಕುಡಿಯದೆ ಗತಿಯೂ ಇರಲಿಲ್ಲ. ಮೊದಮೊದಲು ನನಗೇ ಉಪ್ಪು ಖಾರ ವಿಪರೀತ ಅನ್ನಿಸಿತ್ತು. ಆಮೇಲೆ ರೂಢಿಯಾಯಿತು. ಮನೆಯಲ್ಲಿ ಮಗಳು ‘ಅಮ್ಮಿ, ಸಾರಿಗೆ ಉಪ್ಪು ಹೆಚ್ಚಾಗೇತಿ’ ಅಂದರೆ ಅವಳನ್ನೇ ಬೈಯುತ್ತಿದ್ದೆ.

ಆ ಅಡುಗೆಮನೆಯಲ್ಲಿ ಒಂದು ಕಟ್ಟುನಿಟ್ಟು ಇತ್ತು. ಈರವ್ವಕ್ಕ ಅಡುಗೆ ಮಾಡುವಾಗ ಒಂದು ಹನಿಯನ್ನೂ ನಾಲಿಗೆಗೆ ಹಚ್ಚುತ್ತಿರಲಿಲ್ಲ. ಲಿಂಗಕ್ಕೆ ಎಡೆಯಾಗುವ ಮುಂಚೆ ರುಚಿ ನೋಡಿದರೆ ಎಂಜಲಾಗುತ್ತದೆ ಅಂತ ಅವಳ ಅತ್ತೆ ಹೇಳಿಕೊಟ್ಟದ್ದು. ಉಪ್ಪು, ಹುಳಿ, ಖಾರ ಎಲ್ಲ ಕೈ ಅಂದಾಜು. ಕುಬೇರಪ್ಪಣ್ಣ ಸ್ನಾನ ಮಾಡಿ, ಲಿಂಗಪೂಜೆ ಮುಗಿಸಿ, ಎಡೆ ತೋರಿಸಿ, ಮೊದಲ ತಾಟಿಗೆ ಕೂರುತ್ತಿದ್ದರು. ಒಂದೊಂದು ತುತ್ತು ಬಾಯಿಗಿಟ್ಟು ಹೇಳಬೇಕು, ‘ಸಾರಿಗೆ ಇನ್ನೊಂದು ಚೂರು ಉಪ್ಪು’, ‘ಪಲ್ಯಾ ಸಪ್ಪಗ ಐತಿ’. ಅವರು ಹೇಳಿದಷ್ಟು ಅವಳು ಹಾಕಬೇಕು. ಆಮೇಲೆ ಮಂದಿಗೆ ಬಡಿಸುವುದು. ಮೊದಲ ತಾಟು ಮುಗಿಸಿದ ಮೇಲೆ ಅಣ್ಣ ಹಿತ್ತಲ ಬಾಗಿಲಿಗೆ ಹೋಗಿ ಸಿಗರೇಟು ಹಚ್ಚುತ್ತಿದ್ದರು. ಪೂಜೆಗೆ ಮುಂಚೆ ಚಹದ ಜೊತೆ ಎರಡು ಆಗಿಯೇ ಇರುತ್ತಿದ್ದವು.

ಬಿಡಲು ನೋಡಲಿಲ್ಲ ಅಂತಲ್ಲ. ಪ್ರತಿ ಶ್ರಾವಣಕ್ಕೆ ಬಿಡುತ್ತಿದ್ದರು. ಅವರ ಶ್ರಾವಣ ಎರಡನೇ ಸೋಮವಾರಕ್ಕೇ ಮುಗಿಯುತ್ತಿತ್ತು. ಹುಬ್ಬಳ್ಳಿಗೆ ಹೋಗಿ ಸಿದ್ಧಾರೂಢರ ಗದ್ದುಗೆ ಮುಂದೆ ಆಣೆ ಮಾಡಿ ಬಂದರು. ಮನೆಗೆ ಬರುವ ದಾರಿಯಲ್ಲೇ ಬಸ್ಸು ಕೆಟ್ಟು ನಿಂತಿತಂತೆ, ಬೇಸರಕ್ಕೆ ಒಂದು ಹಚ್ಚಿದರಂತೆ. ಈರವ್ವಕ್ಕ ಬೈಯುವುದನ್ನೂ ಬಿಟ್ಟಿದ್ದಳು. ಅವರು ಹಿತ್ತಲ ಬಾಗಿಲಿಗೆ ಎದ್ದು ಹೋದಾಗ ರೊಟ್ಟಿ ತಟ್ಟುವ ಕೈ ನಿಲ್ಲಿಸಿ ಅವರ ಬೆನ್ನು ನೋಡುವಳು, ಮತ್ತೆ ತಟ್ಟುವಳು. ‘ಹುಟ್ಟುಗುಣ ಸುಟ್ಟರೂ ಹೋಗಂಗಿಲ್ಲ ಬಿಡ ಸುಲ್ತಾನಾ’ ಅನ್ನುವಳು. ಅವಳಿಗೂ ಸಾಕಾಗಿತ್ತು.

ಕಳೆದ ದೀಪಾವಳಿ ಆದಮೇಲೆ ಒಂದು ದಿನ ಅಣ್ಣ ಗಿರಣಿಯಿಂದ ಜೋಳದ ಹಿಟ್ಟಿನ ಚೀಲ ಹೊತ್ತುಕೊಂಡು ಬಂದವರು ನನ್ನ ಅಂಗಡಿಯ ಮೆಟ್ಟಿಲ ಮೇಲೆ ಕೂತರು. ಏಳಲು ಆಗಲಿಲ್ಲ. ಎದೆ ಸೊಂಯ್ ಸೊಂಯ್ ಅನ್ನುತ್ತಿತ್ತು. ನಾನೇ ಆಟೋ ಕರೆದೆ. ಡಾಕ್ಟರು ಎಕ್ಸರೇ ತೆಗೆಸಿ, ಊದಿಸಿ ನೋಡಿ, ‘ಶ್ವಾಸಕೋಶ ಅರ್ಧ ಹೋಗಿದೆ, ಉಳಿದರ್ಧ ಬೇಕಿದ್ದರೆ ಇವತ್ತಿನಿಂದ ಸಿಗರೇಟು ಬಂದ್’ ಅಂದರು. ಈ ಸಲ ಆಣೆಯೂ ಇಲ್ಲ, ಗದ್ದುಗೆಯೂ ಇಲ್ಲ. ಅಣ್ಣ ಸುಮ್ಮನೆ ಬಿಟ್ಟರು. ಒಂದು ವಾರ ಕಳೆದ ಮೇಲೆ ನಾನೇ ‘ಅಂತೂ ಬಿಟ್ರಿ ನೋಡ್ರಿ ಅಣ್ಣಾರ’ ಅಂದೆ.

‘ಬಿಟ್ಟೆ ಅಂತೇನೂ ಅಲ್ಲವಾ ತಂಗಿ. ಸೇದಾಕೂ ಸಾಕಾಗೇತಿ’ ಅಂದರು.

ಆಮೇಲಿನ ದಿನಗಳನ್ನು ಏನು ಹೇಳಲಿ. ರಾತ್ರಿ ನಿದ್ದೆಯಿಲ್ಲ, ಹಗಲು ಎಲ್ಲರ ಮೇಲೂ ಸಿಟ್ಟು. ಎರಡನೇ ಸಲ ಸಾರು ಕೇಳಿದ ಹುಡುಗನಿಗೆ ‘ನಿಮ್ಮಪ್ಪನ ಬಾವಿ ಐತೇನ ಇಲ್ಲಿ?’ ಅಂದುಬಿಟ್ಟರು. ಕೈಗೆ ಏನು ಮಾಡಬೇಕೆಂದೇ ತಿಳಿಯದು. ತೊಳೆದಿಟ್ಟ ಲೋಟವನ್ನೇ ಮತ್ತೆ ತೊಳೆಯುವರು. ತೀರಾ ತಡೆಯಲಾಗದಿದ್ದರೆ ಕೆಲಗೇರಿ ಕೆರೆಯ ತನಕ ನಡೆದು ಹೋಗಿ ಕೂತು ಬರುವರು. ಬಂದು ಹೋಗುವವರೆಲ್ಲ ಬುದ್ಧಿ ಹೇಳುವವರೇ. ಹಲ್ಲಿನ ಸಂದಿಯಲ್ಲಿ ಗುಟಕಾ ಇಟ್ಟುಕೊಂಡೇ ಒಬ್ಬ ಬಂದು ‘ಮನಸ್ಸು ಗಟ್ಟಿ ಮಾಡ್ರಿ ಕಾಕಾ’ ಅಂದ. ಯಾ ಅಲ್ಲಾ, ಅವತ್ತು ಕತ್ತರಿ ನನ್ನ ಕೈಯಲ್ಲಿರಲಿಲ್ಲ, ಬಚಾವಾದ!

ಹೀಗೆ ತಿಂಗಳಾಗುತ್ತ ಬಂತು. ಒಂದು ಬೆಳಗ್ಗೆ ನಾನು ಚಹಕ್ಕೆ ಅಂತ ಅವರ ಅಡುಗೆಮನೆಯಲ್ಲಿ ಕೂತಿದ್ದೆ. ಅಣ್ಣ ಪೂಜೆ ಮುಗಿಸಿ ಮೊದಲ ತಾಟಿಗೆ ಬಂದರು. ಎಣ್ಣಗಾಯಿಯ ಒಂದು ತುತ್ತು ಬಾಯಿಗಿಟ್ಟವರು ಥೂ ಅಂತ ಉಗುಳಿದರು.

‘ಏ, ಉಪ್ಪಿನ ಡಬ್ಬಿನ ಸುರುವಿಯೇನ ಇದಕ್ಕ?’

‘ದಿನಾ ಹಾಕೂವಷ್ಟ ಹಾಕೇನ್ರಿ’ ಅಂದಳು ಅಕ್ಕ.

ಸಾರು ಮುಟ್ಟಿದರು, ಮುಖ ಕಿವುಚಿದರು. ಝುಣಕಾ, ಚಟ್ನಿ, ಯಾವುದೂ ಬಾಯಿಗೆ ಇಡಲಾಗಲಿಲ್ಲ. ‘ಇದೇನ ಮನಷ್ಯಾರು ಉಣ್ಣೂ ಅಡಗಿ ಏನ? ತಲಿ ಎಲ್ಲಿ ಇಟ್ಟಿದ್ದಿ?’ ಅಂತ ಕೂಗಾಡಿದರು. ಅಕ್ಕ ಬೇಯಿಸಿದ ಬಟಾಟೆ ಜಜ್ಜಿ ಹಾಕಿ, ನೀರು ಬೆರೆಸಿ ಏನೋ ಸರಿಮಾಡಿದಳು. ಮರುದಿನ ಉಪ್ಪು ಕಡಿಮೆ ಹಾಕಿದಳು. ‘ಇನ್ನೂ ಭಾಳ ಐತಿ’ ಅಂದರು. ಅದರ ಮರುದಿನ ಇನ್ನೂ ಕಡಿಮೆ. ಅಷ್ಟು ವರ್ಷ ಒಂದೇ ಅಳತೆಗೆ ಪಳಗಿದ ಕೈ, ತೆಗೆದ ಉಪ್ಪಿನಲ್ಲಿ ಅರ್ಧ ಮತ್ತೆ ಡಬ್ಬಿಗೇ ಸುರಿಯುತ್ತಿದ್ದದ್ದನ್ನು ನಾನು ಕಂಡೆ. ನನಗೆ ಅಣ್ಣನ ಮೇಲೆ ಎಲ್ಲಿಲ್ಲದ ಸಿಟ್ಟು ಬಂತು. ಸಿಗರೇಟು ಬಿಟ್ಟ ಗಂಡಸಿಗಿಂತ ಸೇದುವ ಗಂಡಸೇ ವಾಸಿ ಅನ್ನಿಸಿತು, ಖರೇ ಹೇಳುತ್ತೇನೆ.

ಅಣ್ಣನ ಬಾಯಿಗೆ ಸರಿಯಾದದ್ದು ಮಂದಿಯ ಬಾಯಿಗೆ ಸರಿಯಾಗಲಿಲ್ಲ. ಕೋಚಿಂಗ್ ಸೆಂಟರಿನಲ್ಲಿ ಗಣಿತ ಹೇಳುವ ಗುರುಪಾದ ಸರ್ ಎಷ್ಟೋ ವರ್ಷದಿಂದ ಎರಡು ಹೊತ್ತೂ ಅಲ್ಲೇ ಉಣ್ಣುವವರು. ಅವರು ತುತ್ತು ಬಾಯಿಗಿಟ್ಟು, ‘ಈರವ್ವಕ್ಕಾರ, ಉಪ್ಪಿಗಿಂತ ರುಚಿ ಇಲ್ಲ ಅಂತಾರ, ನೀವು ಅದನ್ನ ಮರತ ಬಿಟ್ರೇನ್ರಿ?’ ಅಂತ ನಗುತ್ತ ಕೇಳಿದರು. ನಾಲ್ಕು ದಿನ ನಗುತ್ತ ಕೇಳಿದವರು ಐದನೇ ದಿನ ಎದುರಿನ ಖಾನಾವಳಿಗೆ ಹೋದರು. ಅವರ ಹಿಂದೆ ಹುಡುಗರೂ ಹೋದರು. ಅಣ್ಣ ಮೇಜಿನ ಮೇಲೆ ಉಪ್ಪು ಇಟ್ಟು ನೋಡಿದರು, ‘ಮ್ಯಾಲೆ ಹಾಕ್ಕೊಂಡ್ರ ಆ ಚವಿ ಬರಂಗಿಲ್ರಿ’ ಅಂದರು ಉಳಿದ ಹುಡುಗರು. ಅದೂ ನಿಜವೇ.

ಒಂದು ಮಧ್ಯಾಹ್ನ ಅಣ್ಣ ನನ್ನ ಅಂಗಡಿಗೆ ಬಂದು ಸ್ಟೂಲಿನ ಮೇಲೆ ಕೂತರು. ನಾನು ಮಶೀನು ನಿಲ್ಲಿಸಲಿಲ್ಲ.

‘ಸುಲ್ತಾನಾ, ಆಕಿ ಲಗ್ನ ಆಗಿ ಬಂದಾಗ ಆಕಿ ಕೈಯಾಗ ಉಪ್ಪು ಭಾಳ ಕಮ್ಮಿ ಇತ್ತವಾ’ ಅಂದರು. ‘ತವರಮನಿ ಅಡಗಿ ಹಂಗ. ನಾನ ದಿನಾ ಸಪ್ಪಗ ಐತಿ, ಸಪ್ಪಗ ಐತಿ ಅಂತಿದ್ದೆ. ನಾನು ಹೇಳಿದಂಗ ಒಂದೊಂದು ಚೂರು ಹೆಚ್ಚಿಗಿ ಹಾಕ್ಕೋತ ಬಂದಾಳ. ಅಡಗಿ ಸಪ್ಪಗ ಇರಲಿಲ್ಲ. ಹೊಗಿಗೆ ನನ್ನ ನಾಲಿಗಿ ಸತ್ತಿತ್ತು.’

ನಾನು ಮಶೀನು ನಿಲ್ಲಿಸಿದೆ. ಹಿಂದೊಮ್ಮೆ ಅವರ ಒಲೆಯ ಮೇಲೆ ಒಗ್ಗರಣೆ ಸುಟ್ಟು ಕರಕಲಾಗಿ ನನ್ನ ಅಂಗಡಿಗೂ ವಾಸನೆ ಬಂದಿತ್ತು, ಪಕ್ಕದಲ್ಲೇ ನಿಂತಿದ್ದ ಅಣ್ಣನಿಗೆ ಬಂದಿರಲಿಲ್ಲ. ಅವತ್ತು ಎಲ್ಲರೂ ನಕ್ಕಿದ್ದೆವು.

‘ಆಕಿಗೆ ಬಿ.ಪಿ. ಗುಳಿಗಿ ಚಾಲೂ ಆಗಿ ಎಂಟು ವರ್ಷ ಆತು. ಉಪ್ಪು ಕಮ್ಮಿ ಉಣ್ಣು ಅಂತ ಡಾಕ್ಟರು ಹೇಳಿದಾಗೆಲ್ಲಾ, ಎಲ್ಲಾರೂ ಉಣ್ಣೂದ ಉಣ್ತೇನ್ರಿ ಅಂತಿದ್ಲು. ಎಲ್ಲಾರಿಗೂ ಏನ ಉಣಿಸೇನಿ ನಾನು? ಹೊಗಿ ನನ್ನ ಎದಿಗೆ ಹೋತು ಅಂತ ತಿಳದಿದ್ದೆ. ಆಕಿ ನೆತ್ತರದಾಗೂ ಹೋಗೇತಲ್ಲವಾ!’

ಅವರ ಕಣ್ಣಲ್ಲಿ ನೀರು ಬಂತು. ಬಂದರೆ ಬರಲಿ ಅಂತ ಒರೆಸಿಕೊಳ್ಳಲೂ ಇಲ್ಲ. ಸಮಾಧಾನ ಹೇಳಬೇಕಿತ್ತು ನಾನು. ಸುಳ್ಳು ಸಮಾಧಾನ ನನಗೆ ಬರುವುದಿಲ್ಲ.

ಅದಾದ ಎರಡು ದಿನಕ್ಕೆ, ಬೀದಿಯ ಮೂಲೆಯ ಪಾನಶಾಪಿನ ಮುಂದೆ ಅಣ್ಣ ನಿಂತಿದ್ದನ್ನು ಕಂಡೆ. ಬೆರಳ ಸಂದಿಯಲ್ಲಿ ಸಿಗರೇಟು. ಇನ್ನೂ ಹಚ್ಚಿರಲಿಲ್ಲ. ನಾನು ಟೇಪು ಕೊರಳಲ್ಲೇ ಹಾಕಿಕೊಂಡು ಓಡಿದೆ.

‘ನಾಚಿಕಿ ಬರಂಗಿಲ್ಲೇನ್ರಿ ಅಣ್ಣಾರ ನಿಮಗ? ಆಟೋದಾಗ ನನ್ನ ಹೆಗಲ ಮ್ಯಾಲೆ ತಲಿ ಇಟ್ಟು ಉಸಿರಿಗೆ ಒದ್ದಾಡಿದ್ದು ಮರತ್ರೇನು?’

‘ಬಾಯಿ ಮಾಡಬ್ಯಾಡ, ಕೇಳ’ ಅಂದರು ತಣ್ಣಗೆ. ‘ಎರಡು ಸೇದಿದ್ರ ಸಾಕು, ನಾಲಿಗಿ ಮತ್ತ ಸಾಯ್ತೈತಿ. ಅಡಗಿ ಮೊದಲಿನಂಗ ಆಗ್ತೈತಿ. ಗುರುಪಾದ ಸರ್ ಬರ್ತಾರ, ಹುಡುಗೂರು ಬರ್ತಾವ. ಆಕಿ ಕೈ ಅಳುಕೂದೂ ನಿಲ್ತೈತಿ. ನನಗೂ ಯಾವದೂ ತಿಳಿಯಂಗಿಲ್ಲ. ಎಲ್ಲಾರೂ ಆರಾಮ.’

‘ಮತ್ತ ಆಕಿ ಬಿ.ಪಿ.?’

ಅಣ್ಣ ಸಿಗರೇಟನ್ನು ಬೆರಳಲ್ಲಿ ತಿರುಗಿಸಿದರು. ಆಮೇಲೆ ಪಾನಶಾಪಿನವನ ಮುಂದೆ ಇಟ್ಟು, ‘ಮಾಡಿದ್ದುಣ್ಣೋ ಮಹಾರಾಯ ಅಂತಾರ. ಉಣ್ಣೂದು ನಾನೊಬ್ಬನ ಆಗಿದ್ರ ಛಲೋ ಇತ್ತು’ ಅಂದು ನಡೆದರು. ನಾನು ಬೈದದ್ದಕ್ಕೆ ಬಿಟ್ಟರು ಅಂತ ನಾನು ಹೇಳಿಕೊಳ್ಳುವುದಿಲ್ಲ. ಆ ಮುಖ ನೋಡಿದರೆ ಬೈಗುಳ ಕೇಳಿಸಿಕೊಂಡ ಮುಖದ ಹಾಗೆ ಇರಲಿಲ್ಲ.

ಅವತ್ತು ಊಟದವರು ಬೇಗ ಮುಗಿದರು, ಇದ್ದವರೇ ಕೆಲವರು. ಅಣ್ಣ ಒಂದು ಸಣ್ಣ ಪಾತ್ರೆಯಲ್ಲಿ ಬೇರೆಯೇ ಪಲ್ಯ ಮಾಡಿಸಿದ್ದರು, ಉಪ್ಪು ಇದೆಯೋ ಇಲ್ಲವೋ ಅನ್ನುವಷ್ಟು. ನನಗೂ ತಾಟು ಹಾಕಿದರು. ಈರವ್ವಕ್ಕನನ್ನು ಒಲೆಯ ಮುಂದಿನಿಂದ ಎಬ್ಬಿಸಿ, ‘ಇವತ್ತ ನೀ ಕುಂದರ, ನಾ ಬಡಸ್ತೇನಿ’ ಅಂದರು. ಅವಳು ನಾಚಿ ನನ್ನ ಕಡೆ ನೋಡಿದಳು. ‘ಕುಂದರ ಬಾ ಅಕ್ಕಾ, ಇಂಥಾ ಯೋಗ ಮತ್ತ ಬರಂಗಿಲ್ಲ’ ಅಂದೆ.

ಎರಡು ತುತ್ತು ಉಂಡಳು. ಮೂರನೆಯದನ್ನು ಬಾಯಲ್ಲಿ ಇಟ್ಟುಕೊಂಡು ತುಂಬ ಹೊತ್ತು ಅಗಿದಳು.

‘ಹೆಂಗೈತಿ?’ ಅಂದರು ಅಣ್ಣ.

‘ಖರೇ ಹೇಳ್ಲ್ಯಾ? ನನಗ ಇದು ಇಳಿಯವಲ್ದರಿ.’

ಅಷ್ಟು ಹೇಳಿ, ಮೇಜಿನ ಮೇಲಿದ್ದ ಉಪ್ಪಿನ ಬಟ್ಟಲಿಗೆ ಕೈ ಚಾಚಿದಳು. ಅಣ್ಣ ಬಟ್ಟಲನ್ನು ಚಕ್ಕನೆ ಎಳೆದುಕೊಂಡರು. ‘ಬ್ಯಾಡ. ನಿನಗಿದು ವಿಷ ಐತಿ. ಜರಾ ಮನಸ್ಸು ಗಟ್ಟಿ ಮಾಡ’ ಅಂದುಬಿಟ್ಟರು. ಅಂದ ಕೂಡಲೇ ಅವರಿಗೇ ತಿಳಿಯಿತು. ನಾನು ತಲೆ ಎತ್ತಲಿಲ್ಲ.

ಈರವ್ವಕ್ಕನಿಗೆ ಸಿಟ್ಟು ಬರಲಿಲ್ಲ. ಸಿಟ್ಟಾಗುವಷ್ಟು ಕಸುವು ಅವಳಲ್ಲಿ ಇರಲೂ ಇಲ್ಲವೇನೋ. ‘ಬಿಡ್ತೇನ್ರಿ’ ಅಂದಳು. ‘ಬಿಡಂಗಿಲ್ಲ ಅನ್ನಾಕತ್ತಿಲ್ಲ. ಆದ್ರ ಇವತ್ತ ಹೇಳಿ ಇವತ್ತ ಬಿಡು ಅನಬ್ಯಾಡ್ರಿ. ನೀವು ಎಷ್ಟು ವರ್ಷ ತಗೊಂಡ್ರಿ? ನಾ ಏನರ ಅಂದೆನೇನು?’

ಅಣ್ಣ ಬಟ್ಟಲನ್ನು ಹಿಡಿದುಕೊಂಡೇ ಇದ್ದರು. ಆಮೇಲೆ ಮೆಲ್ಲಗೆ ಅವಳ ಮುಂದೆ ಇಟ್ಟರು. ಅವಳು ಒಂದು ಚಿಟಿಕೆ ತೆಗೆದುಕೊಂಡಳು. ತಡೆದು, ಇನ್ನೊಂದು. ಪಲ್ಯಕ್ಕೆ ಕಲಸಿಕೊಂಡು ಉಣ್ಣತೊಡಗಿದಳು. ಅಣ್ಣ ಎದುರಿಗೆ ಕೂತು, ಅವಳ ಕೈ ತಾಟಿನಿಂದ ಬಾಯಿಗೆ ಹೋಗುವುದನ್ನು ನೋಡಿದರು. ಒಂದು ತುತ್ತು, ಇನ್ನೊಂದು ತುತ್ತು. ತಡೆಯುವ ಹಾಗೂ ಇಲ್ಲ, ಎದ್ದು ಹೋಗುವ ಹಾಗೂ ಇಲ್ಲ.

‘ನೀ ಇಷ್ಟು ವರ್ಷ ಹಿಂಗ ಕುಂತು ನೋಡ್ತಿದ್ದೇನ ನನ್ನ?’ ಅಂದರು.

‘ಹೂಂನ್ರಿ’ ಅಂದಳು ಈರವ್ವಕ್ಕ. ‘ಇನ್ನರ್ಧ ರೊಟ್ಟಿ ಹಾಕ್ರಿ.’