ಮೊದಲು ದೂರು, ಆಮೇಲೆ ರೊಕ್ಕ

ನಮ್ಮ ಟೀಚರ ಬಲಗೈಯ ತೋರುಬೆರಳು ನಡುಗೆಣ್ಣಿನಲ್ಲಿ ಎಡಕ್ಕೆ ಸೊಟ್ಟಗಾಗಿತ್ತು. ಲೋಕಲ್ ರೈಲಿನ ಬಾಗಿಲಿಗೆ ಸಿಕ್ಕಿ ಮುರಿದದ್ದಂತೆ. ಆ ಬೆರಳಿನಿಂದ ಒಬ್ಬರನ್ನು ತೋರಿಸಿದರೆ ಪಕ್ಕದವರು ಎದ್ದು ನಿಲ್ಲುತ್ತಿದ್ದರು. ಹಾಗಾಗಿ ತರಗತಿಯಲ್ಲಿ ಮತ ಎಣಿಸುವಾಗ ಬೆಂಚಿನಿಂದ ಬೆಂಚಿಗೆ ನಡೆದು, ಎತ್ತಿದ ಒಂದೊಂದು ಕೈಯನ್ನೂ ಮುಟ್ಟಿ ಎಣಿಸುತ್ತಿದ್ದರು.

ಮುಂಬಯಿಯ ಭಾಂಡುಪಿನಲ್ಲಿ ಆಗ ಇದ್ದ, ಈಗ ಮುಚ್ಚಿಹೋಗಿರುವ ಕನ್ನಡ ಶಾಲೆಯಲ್ಲಿ ಅವರು ನಮ್ಮ ಪೌರನೀತಿ ಟೀಚರ್. ವಿಜಯಪುರದ ಕಡೆಯವರು. ದಿಲ್ಲಿಯಲ್ಲಿ ಬಜೆಟ್ ಮಂಡನೆಯಾದ ಮರುವಾರ ನಮ್ಮ ಒಂಬತ್ತನೆಯ ತರಗತಿ ಲೋಕಸಭೆಯಾಗುತ್ತಿತ್ತು. ಮಂತ್ರಿ ಬಜೆಟ್ ಓದಿದ ಮಾತ್ರಕ್ಕೆ ಸರ್ಕಾರಕ್ಕೆ ಹಣ ಸಿಗುವುದಿಲ್ಲ, ಪ್ರತಿ ಇಲಾಖೆಯ ಬೇಡಿಕೆಗೂ ಸದನದ ಒಪ್ಪಿಗೆ ಬೇಕು ಎಂದು ನಾವು ಕಲಿತದ್ದು ಅಲ್ಲಿ. ಬೇಡಿಕೆಯಲ್ಲಿ ನೂರು ರೂಪಾಯಿ ಕಡಿಮೆ ಮಾಡಿ ಎಂದು ಸದಸ್ಯರು ಕೇಳಬಹುದಾದ ಖೋತಾ ನಿರ್ಣಯ ಅವರಿಗೆ ಬಲು ಇಷ್ಟ. ಕೋಟಿಗಳ ನಡುವೆ ನೂರು ರೂಪಾಯಿ ಯಾವ ಲೆಕ್ಕ ಎಂದು ನಾವು ನಕ್ಕರೆ, "ನೂರು ರೂಪಾಯಿ ಬರೇ ನೆವ. ಮೊದಲ ದೂರು ಕೇಳಬೇಕು, ಆಮ್ಯಾಲ ರೊಕ್ಕ ಕೊಡಬೇಕು," ಎನ್ನುತ್ತಿದ್ದರು.

ನನ್ನನ್ನು ಸ್ಪೀಕರ್ ಮಾಡಿದ ವರ್ಷ ಹೆಡ್‌ಮಾಸ್ತರರೂ ಆಡಳಿತ ಮಂಡಳಿಯವರೊಬ್ಬರೂ ಬಂದು ಹಿಂದಿನ ಬೆಂಚಿನಲ್ಲಿ ಕುಳಿತಿದ್ದರು. ಕುಡಿಯುವ ನೀರು ಮತ್ತು ನೈರ್ಮಲ್ಯದ ಬೇಡಿಕೆ ಬಂತು. ಕಟ್ಟಡ ಕೆಲಸಕ್ಕೆ ಕಲಬುರಗಿಯಿಂದ ಬಂದವರ ಮಗಳೊಬ್ಬಳು ಖೋತಾ ನಿರ್ಣಯ ಮಂಡಿಸಿ, ಬರೆದುಕೊಂಡಿದ್ದ ಚೀಟಿಯನ್ನು ನೋಡದೆಯೇ ಹೇಳಿದಳು:

"ದೇಶದ ಮಾತು ಆಮ್ಯಾಲ. ನಮ್ಮ ಸಾಲ್ಯಾಗ ಹುಡುಗ್ಯಾರ ಸಂಡಾಸಕ್ಕ ಕೀಲಿ ಹಾಕ್ಯಾರ. ಮನಿಗಿ ಹೋಗೂತನಕ ನಾವು ನೀರ ಕುಡಿಯಂಗಿಲ್ಲ."

ಅದು ನಿಜ. ನಾನೂ ಕುಡಿಯುತ್ತಿರಲಿಲ್ಲ.

ಟೀಚರ್ ಕೈ ಮುಟ್ಟಿ ಎಣಿಸಿದರು. ಪರ ಹದಿನೈದು, ವಿರೋಧ ಹದಿನೈದು. ಸಮವಾದರೆ ಮಾತ್ರ ಸ್ಪೀಕರ್ ಮತ ಹಾಕಬೇಕು. ಇದ್ದದ್ದು ಇದ್ದ ಹಾಗೇ ಉಳಿಯುವಂತೆ ಹಾಕುವುದು ವಾಡಿಕೆ. ಹೆಡ್‌ಮಾಸ್ತರರು ನನ್ನನ್ನೇ ನೋಡುತ್ತಿದ್ದರು. ನಾನು ವಿರೋಧ ಎಂದೆ. ನಿರ್ಣಯ ಬಿತ್ತು.

ಟೀಚರ್ ಎಂದಿನಂತೆ ಸಭೆಯ ನಡಾವಳಿ ಬರೆದು, ಆ ಹುಡುಗಿಯ ಮಾತನ್ನು ಒಂದಕ್ಷರ ಬಿಡದೆ ಸೇರಿಸಿ, ಆಡಳಿತ ಮಂಡಳಿಗೆ ಕಳಿಸಿದರು. ಆ ಸಾಲುಗಳನ್ನು ತೆಗೆಯುವಂತೆ ಹೆಡ್‌ಮಾಸ್ತರರು ಹೇಳಿದ್ದರಂತೆ. ಸದನದಲ್ಲಿ ಆಡಿದ್ದನ್ನು ಅಳಿಸುವ ಅಧಿಕಾರ ಸ್ಪೀಕರಿಗೆ ಮಾತ್ರ, ಅವಳನ್ನೇ ಕೇಳಿ ಎಂದರಂತೆ ಇವರು. ನನ್ನನ್ನು ಯಾರೂ ಕೇಳಲಿಲ್ಲ. ವಾರದೊಳಗೆ ಬೀಗ ತೆರೆಯಿತು.

ಜೂನ್‌ನಲ್ಲಿ ಟೀಚರಿಗೆ ಅದೇ ಸಂಸ್ಥೆಯ ಮಲಾಡ್ ಶಾಲೆಗೆ ವರ್ಗವಾಯಿತು. ಮನೆಯಿಂದ ಹತ್ತು ನಿಮಿಷ ನಡೆದು ಬರುತ್ತಿದ್ದವರು, ದಾದರಿನಲ್ಲಿ ಇಳಿದು ಇನ್ನೊಂದು ಲೋಕಲ್ ಹಿಡಿಯುವವರಾದರು. ನಿವೃತ್ತಿಯವರೆಗೂ, ಒಂಬತ್ತು ವರ್ಷ, ಹಾಗೇ ಓಡಾಡಿದರು.

ಮೂರು ವರ್ಷದ ಹಿಂದೆ ಅವರ ಮನೆಗೆ ಹೋಗಿದ್ದೆ. ಮೊಣಕಾಲು ಸೋತಿದ್ದವು. ನೆಲಕ್ಕೆ ಕೂರಲಾಗದೆ ಮಂಚದ ಮೇಲೆ ಪೇಪರ್ ಹಾಸಿಕೊಂಡು ಮೆಂತ್ಯದ ಸೊಪ್ಪು ಬಿಡಿಸುತ್ತಿದ್ದರು. ಬಹಳ ದಿನದಿಂದ ಹೇಳಬೇಕೆಂದಿದ್ದುದನ್ನು ಹೇಳಿದೆ: ಅವತ್ತು ನನಗೆ ವಾಡಿಕೆ ನೆನಪಾಗಲೇ ಇಲ್ಲ, ಹೆಡ್‌ಮಾಸ್ತರರಿಗೆ ಹೆದರಿ ಹಾಗೆ ಮತ ಹಾಕಿದ್ದೆ.

"ಅದು ಹೋಗ್ಲಿ. ಹೆಂಗರೆ ಹಾಕಿರ್ಲಿ, ವಾಡಿಕಿ ಪ್ರಕಾರ ವೋಟು ಸರಿ ಇತ್ತು," ಎಂದರು. ಸೊಪ್ಪಿನ ಇನ್ನೊಂದು ಕಟ್ಟು ಬಿಚ್ಚುತ್ತಾ, "ನನಗ ವರ್ಗಾ ಆತಲ್ಲ, ಮೂವತ್ತೊಂದು ಮಂದ್ಯಾಗ ಒಬ್ಬರರೆ ಯಾಕ ಅಂತ ಕೇಳಿದ್ರೇನು?" ಎಂದರು.

ಯಾರೂ ಕೇಳಿರಲಿಲ್ಲ. ಇಲ್ಲ ಟೀಚರ್, ಎಂದೆ. ಅವರು ತಲೆಯಾಡಿಸಿ, ಚಹಾ ಇಡಲು ಗೋಡೆ ಹಿಡಿದು ಎದ್ದರು.

ಕಳೆದ ವರ್ಷ ತೀರಿಕೊಂಡರು.

ಹೋದ ತಿಂಗಳು ವಿಕ್ರೋಳಿಯ ನಮ್ಮ ಆಫೀಸಿನಲ್ಲಿ ಕ್ಯಾಂಟೀನಿನ ಹೆಂಗಸೊಬ್ಬರನ್ನು ಕಾರಣ ಹೇಳದೆ ಕೆಲಸದಿಂದ ತೆಗೆದರು. ಮೀಟಿಂಗಿನಲ್ಲಿ ಎದ್ದು ಯಾಕೆ ಎಂದು ಕೇಳಿದೆ. ಉತ್ತರ ಇನ್ನೂ ಬಂದಿಲ್ಲ. ಸೋಮವಾರ ಮತ್ತೆ ಕೇಳಬೇಕು.